ಮಗು ಶಾಲೆಯಲ್ಲಿ ಸೋರನ್ ಬುಶಿ ಕಲಿಯುತ್ತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್ ಮುಗಿಯುವ ಹೊತ್ತಿಗೆ, ಜಪಾನಿಗೆ ಹೊಸದಾಗಿ ಬಂದ ಕನ್ನಡದ ಅಪ್ಪ ಅಮ್ಮಂದಿರಿಂದ ನನಗೆ ಒಂದೇ ಥರದ ಮೆಸೇಜು ಬರುತ್ತದೆ. "ಅಕ್ಕಾ, ಮಗ ಶಾಲೆಯಿಂದ ಬಂದವನೇ ಕಾಲು ಅಗಲಿಸಿ ಕೂತು ದೊಕ್ಕೊಯಿಶೊ ದೊಕ್ಕೊಯಿಶೊ ಅಂತ ಕೂಗ್ತಾನೆ. ಏನು ಹೇಳಿಕೊಡ್ತಿದ್ದಾರೆ ಅಲ್ಲಿ?" ಹೇಳಿಕೊಡುತ್ತಿರುವುದು ಸೋರನ್ ಬುಶಿ, ಶಾಲೆಯ ಕ್ರೀಡಾ ದಿನಕ್ಕೆ ಮಕ್ಕಳೆಲ್ಲ ಸೇರಿ ಕುಣಿಯುವ ಜನಪದ ಕುಣಿತ. ನನ್ನ ಇಬ್ಬರು ಮಕ್ಕಳೂ ಇಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲೇ ಓದಿದವರು, ಇಬ್ಬರೂ ಇದನ್ನು ಕುಣಿದಿದ್ದಾರೆ. ನನಗೆ ಈ ಕುಣಿತ ಅಂದ್ರೆ ಪ್ರಾಣ. ಒಬ್ಬೊಬ್ಬರಿಗೇ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲ ಪ್ರಶ್ನೆಗಳನ್ನೂ ಒಟ್ಟು ಮಾಡಿ ಬರೆದಿದ್ದೇನೆ.

ಮೊದಲಿಗೆ, ಸೋರನ್ ಬುಶಿ ಅಂದ್ರೆ ಏನು?

ಇದು ಜಪಾನಿನ ಉತ್ತರದ ದ್ವೀಪ ಹೊಕ್ಕೈಡೊದ ಮೀನುಗಾರರ ಹಾಡು. ಹಾಡು ಮೊದಲು ಹುಟ್ಟಿದ್ದು, ಕುಣಿತ ಆಮೇಲೆ ಬಂದಿದ್ದು. ಶಕೋತಾನ್, ಯೊಯಿಚಿ, ಒತಾರು ಇರುವ ಪಶ್ಚಿಮ ಕರಾವಳಿಗೆ ವಸಂತ ಕಾಲದಲ್ಲಿ ಹೆರ್ರಿಂಗ್ ಮೀನು ಮೊಟ್ಟೆ ಇಡಲು ಹಿಂಡು ಹಿಂಡಾಗಿ ಬರುತ್ತಿತ್ತು. ಜಪಾನೀಸಿನಲ್ಲಿ ಅದಕ್ಕೆ ನಿಶಿನ್ ಅಂತಾರೆ, ನಮ್ಮ ಕರಾವಳಿಯ ತಾರ್ಲೆಗೆ, ಅಂದರೆ ಮಂಗಳೂರು ಕಡೆಯವರ ಬೂತಾಯಿಗೆ, ದೂರದ ನೆಂಟ ಅನ್ನಿ. ಹಿಂಡು ಬಂತು ಅಂದ್ರೆ ಗಂಡು ಮೀನುಗಳು ಬಿಡುವ ಬೀಜದಿಂದ ದಡದ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತಿತ್ತು. ಅದನ್ನು ಕುಕಿ ಅಂತ ಕರೆಯುತ್ತಾರೆ.

ಮೀನು ಬರುವ ದಾರಿಯಲ್ಲಿ ಮೊದಲೇ ದೊಡ್ಡ ಬಲೆ ಕಟ್ಟಿರುತ್ತಿದ್ದರು. ಇಡೀ ಕೆಲಸಕ್ಕೆ ಹಂತಕ್ಕೊಂದು ಹಾಡು. ದೋಣಿ ಹುಟ್ಟು ಹಾಕುವಾಗ ಒಂದು, ಬಲೆ ಎತ್ತುವಾಗ ಒಂದು, ಬಲೆಗೆ ಅಂಟಿದ ಮೊಟ್ಟೆಯನ್ನು ಬಡಿದು ಉದುರಿಸುವಾಗ ಇನ್ನೊಂದು. ನಡುವೆ ಬಲೆಯಲ್ಲಿ ತುಂಬಿದ ಮೀನನ್ನು ಉದ್ದ ಹಿಡಿಯ ದೊಡ್ಡ ಜಾಲರಿಯಿಂದ ಮೊಗೆದು ದೋಣಿಗೆ ಹಾಕುವ ಕೆಲಸ ಇದೆಯಲ್ಲ, ಆಗ ಹೇಳುತ್ತಿದ್ದ ಹಾಡೇ ಸೋರನ್ ಬುಶಿ. ಒಬ್ಬರು ಮೊಗೆಯುವ ಕೆಲಸ ಅಲ್ಲ ಅದು. ತಣ್ಣನೆಯ ಕಡಲು, ಅಲುಗಾಡುವ ದೋಣಿ, ನಿದ್ದೆ ಇಲ್ಲದ ರಾತ್ರಿ. ಒಬ್ಬನ ಕೈ ಮುಂದೆ ಹೋಗಿ ಇನ್ನೊಬ್ಬನ ಕೈ ಹಿಂದೆ ಉಳಿದರೆ ಜಾಲರಿ ಮೇಲೇಳುವುದಿಲ್ಲ. ಎಲ್ಲರ ಬಲವೂ ಒಂದೇ ಕ್ಷಣಕ್ಕೆ ಬೀಳಲಿ ಅಂತ ಹಾಡು.

ನಾನು ಹೊನ್ನಾವರದ ಕಡೆಯವಳು. ರಂಪಣಿ ಬಲೆ ಎಳೆಯುವಾಗ ದಡದಲ್ಲಿ ಸಾಲಾಗಿ ನಿಂತು ಹಗ್ಗ ಹಿಡಿದವರ ಕೂಗು ಕೇಳಿ ಬೆಳೆದವಳು. ಮೊದಲ ಸಲ ಶಾಲೆಯ ಮೈದಾನದಲ್ಲಿ ನೂರು ಮಕ್ಕಳು ಒಟ್ಟಿಗೆ ಹಗ್ಗ ಎಳೆಯುವ ಹಾಗೆ ಹಿಂದಕ್ಕೆ ವಾಲಿದಾಗ ನನಗೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ.

'ಸೋರನ್' ಅಂದ್ರೆ ಅರ್ಥ ಏನು? 'ದೊಕ್ಕೊಯಿಶೊ'?

ಸೋರನ್ ಅನ್ನುವುದು ಹುರುಪಿನ ಕೂಗು. ನಾವು ಭಾರ ಎಳೆಯುವಾಗ 'ಐಸಾ' ಅಂತೀವಲ್ಲ, ಆ ಥರ. 'ಯಾರೆನ್ ಸೋರನ್ ಸೋರನ್' ಅಂತ ಒಬ್ಬರು ಎತ್ತಿಕೊಂಡರೆ ಉಳಿದವರು 'ಹಾಯ್ ಹಾಯ್' ಅಂತ ಸೇರಿಸುತ್ತಾರೆ. ದೊಕ್ಕೊಯಿಶೊ ಮಾತ್ರ ದಿನಬಳಕೆಯ ಮಾತು. ಭಾರ ಎತ್ತುವಾಗ ಅಂತಾರೆ, ವಯಸ್ಸಾದವರು ಕುರ್ಚಿಯಲ್ಲಿ ಕೂರುವಾಗಲೂ ಅಂತಾರೆ. ನಿಮ್ಮ ಪಕ್ಕದ ಮನೆಯ ಅಜ್ಜಿ ಚೀಲ ಕೆಳಗಿಡುವಾಗ ಗಮನಿಸಿ, ಕೇಳಿಸುತ್ತದೆ.

ಹಾಡಿನ ಒಂದು ಸಾಲು ನನಗೆ ತುಂಬಾ ಇಷ್ಟ. ನಡುಗಡಲಿನ ಹಕ್ಕಿಯ ಹತ್ತಿರ ಉಬ್ಬರದ ಹೊತ್ತು ಯಾವಾಗ ಅಂತ ಕೇಳಿದರೆ ಅದು ಹೇಳುತ್ತದಂತೆ, ನಾನು ಹಾರಿ ಹೋಗುವವಳು, ಅಲೆಯನ್ನೇ ಕೇಳು ಅಂತ. ಮಕ್ಕಳಿಗೆ ಈ ಅರ್ಥ ಹೇಳಿಕೊಡಿ. ಕಮೊಮೆ ಅಂದರೆ ಕಡಲಹಕ್ಕಿ, ನಮಿ ಅಂದರೆ ಅಲೆ. ಈ ಎರಡು ಪದ ಗೊತ್ತಿದ್ದರೂ ಸಾಕು, ಕೈ ಬೀಸುವಾಗ ಏನನ್ನು ತೋರಿಸುತ್ತಿದ್ದೇನೆ ಅಂತ ಮಗುವಿಗೆ ತಿಳಿಯುತ್ತದೆ.

ಮೀನುಗಾರರ ಹಾಡು ಎಲ್ಲಾ ಊರಿನ ಶಾಲೆಗೆ ಬಂದಿದ್ದು ಹೇಗೆ?

ಎರಡು ದಾರಿಯಲ್ಲಿ. ಒಂದು, ಪಠ್ಯಕ್ರಮ. ಜಪಾನಿನಲ್ಲಿ ನೃತ್ಯ ಅನ್ನುವುದು ವ್ಯಾಯಾಮದ ಪಾಠದ ಒಂದು ಭಾಗ, ಆಸೆ ಇದ್ದವರು ಮಾತ್ರ ಕಲಿಯುವ ಹೆಚ್ಚುವರಿ ವಿಷಯ ಅಲ್ಲ. ಪ್ರಾಥಮಿಕ ಶಾಲೆಯ 5 ಮತ್ತು 6ನೇ ತರಗತಿಗೆ ಜನಪದ ಕುಣಿತ ಇದೆ, ಶಿಕ್ಷಕರಿಗೆ ಕೊಡುವ ಸರ್ಕಾರಿ ವಿವರಣೆಯಲ್ಲಿ ಸೋರನ್ ಬುಶಿಯ ಹೆಸರೇ ಉದಾಹರಣೆಯಾಗಿ ಇದೆ. 2012ರ ಏಪ್ರಿಲ್‌ನಿಂದ ಮಾಧ್ಯಮಿಕ ಶಾಲೆಯ ಮೊದಲ ಎರಡು ವರ್ಷ ನೃತ್ಯ ಎಲ್ಲರಿಗೂ ಕಡ್ಡಾಯ, ಹುಡುಗರಿಗೂ ಹುಡುಗಿಯರಿಗೂ.

ಇನ್ನೊಂದು ದಾರಿ ಇದಕ್ಕಿಂತ ಸ್ವಾರಸ್ಯದ್ದು. ಹೊಕ್ಕೈಡೊದ ಉತ್ತರದ ತುತ್ತತುದಿಯಲ್ಲಿ ವಕ್ಕನೈ ಅಂತ ಒಂದು ಊರಿದೆ, ಆಚೆ ನೋಡಿದರೆ ರಷ್ಯಾದ ಸಖಾಲಿನ್. ಅಲ್ಲಿನ ವಕ್ಕನೈ ಮಿನಾಮಿ ಮಾಧ್ಯಮಿಕ ಶಾಲೆ ಕಷ್ಟದ ದಿನಗಳನ್ನು ಕಂಡಿತ್ತು, ಮಕ್ಕಳು ಪುಂಡಾಟಕ್ಕೆ ಇಳಿದು ಪಾಠ ನಡೆಸುವುದೇ ಕಷ್ಟವಾಗಿದ್ದ ಕಾಲ. ಅಲ್ಲಿನವರು ಮಕ್ಕಳಿಗೆ ತಮ್ಮದೇ ನೆಲದ ಈ ಹಾಡನ್ನು ಕೊಟ್ಟರು. ಗಾಯಕ ಇತೊ ತಕಿಯೊ ರಾಕ್ ಶೈಲಿಯಲ್ಲಿ ಹಾಡಿದ ಸೋರನ್ ಬುಶಿಗೆ ಹೊಸ ಹೆಜ್ಜೆ ಕೂಡಿಸಿದರು. 1990ರ ದಶಕದ ಶುರುವಿನಲ್ಲಿ ಅದು ಊರಾಚೆಗೂ ಹೆಸರು ಮಾಡಿತು. ಶಾಲೆಯ ಹೆಸರನ್ನು ಚಿಕ್ಕದು ಮಾಡಿ ಅದನ್ನು ನಂಚೂ ಸೋರನ್ ಅಂತಾರೆ. 1999ರಲ್ಲಿ ಶಾಲಾ ಮಕ್ಕಳ ಕಥೆಯ ಒಂದು ಜನಪ್ರಿಯ ಟಿವಿ ಧಾರಾವಾಹಿಯಲ್ಲಿ ಇದೇ ಕುಣಿತ ಬಂದ ಮೇಲೆ ದೇಶದ ಮೂಲೆ ಮೂಲೆಯ ಶಾಲೆಗಳಿಗೆ ಹಬ್ಬಿತು.

ಹಾಗಾಗಿ ನಿಮ್ಮ ಮಗು ಕಲಿಯುತ್ತಿರುವುದು ನೂರು ವರ್ಷಕ್ಕಿಂತ ಹಳೆಯ ಹಾಡು, ಆದರೆ ಹೆಜ್ಜೆಗಳು ಶಾಲಾ ಮಕ್ಕಳಿಗೆಂದೇ ಕಟ್ಟಿದ್ದು. 'ಇದು ಅಸಲಿ ಅಲ್ಲ' ಅಂತ ಮೂಗು ಮುರಿಯುವವರು ಸಿಗುತ್ತಾರೆ. ನಾನು ಒಪ್ಪಲ್ಲ. ಕೆಲಸದ ಹಾಡು ಕೆಲಸ ಮಾಡುವವರ ಕೈಯಲ್ಲಿ ಬದಲಾಗುತ್ತಲೇ ಬಂದಿದೆ, ಈಗ ಅದು ಮಕ್ಕಳ ಕೈಯಲ್ಲಿದೆ.

ಯೂಟ್ಯೂಬ್‌ನಲ್ಲಿ ನೋಡಿ ಕಲಿಸಿದೆ, ಶಾಲೆಯಲ್ಲಿ ಅದು ಬೇರೆನೇ ಅಂತೆ. ಯಾವುದು ಸರಿ?

ಶಾಲೆಯದ್ದೇ ಸರಿ. ಯೂಟ್ಯೂಬ್‌ನಲ್ಲಿ ಮೂರು ನಾಲ್ಕು ಥರ ಸಿಗುತ್ತದೆ. ಶಮಿಸೆನ್ ಅನ್ನುವ ತಂತಿ ವಾದ್ಯ ಮತ್ತು ಕೊಳಲಿನ ಜೊತೆ ವೃತ್ತದಲ್ಲಿ ನಿಧಾನಕ್ಕೆ ಕುಣಿಯುವ ಹಳೆಯ ಬಗೆ ಇದೆ, ಬೇಸಿಗೆಯ ಬಡಾವಣೆ ಹಬ್ಬಗಳಲ್ಲಿ ಅದನ್ನು ನೋಡಬಹುದು. ನಂಚೂ ಸೋರನ್ ಜೋರಾಗಿದೆ. ಅದರಲ್ಲೂ ಶಾಲೆಗಳು ಹಾಡನ್ನು ಕತ್ತರಿಸುತ್ತವೆ, ನಡುವೆ ಸಾಲು ಬದಲಿಸುವ ಭಾಗ ಸೇರಿಸುತ್ತವೆ. ಇನ್ನೊಂದು ವಿಷಯ, ಕೆಲವು ವಿಡಿಯೋಗಳು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿದವು, ಕೆಲವು ಹಾಗಲ್ಲ. ಬಲ ಎಡ ಅದಲು ಬದಲಾಗಿ ಕಲಿತುಬಿಟ್ಟರೆ ಮರೆಸುವುದು ಬಹಳ ಕಷ್ಟ. ಈಗ ಪ್ರತಿ ಮಗುವಿಗೂ ಶಾಲೆಯಿಂದ ಟ್ಯಾಬ್ಲೆಟ್ ಕೊಟ್ಟಿರುತ್ತಾರೆ, ಶಿಕ್ಷಕರು ಅದರಲ್ಲಿ ತಮ್ಮದೇ ವಿಡಿಯೋ ಹಾಕಿರುವುದು ಜಾಸ್ತಿ. ಮನೆಗೆ ತರಬಹುದಾ ಅಂತ ಕೇಳಿ, ಅದನ್ನೇ ನೋಡಿ ಅಭ್ಯಾಸ ಮಾಡಿಸಿ.

ಹೆಜ್ಜೆ ಕಷ್ಟನಾ? ಮನೆಯಲ್ಲಿ ಏನು ಹೇಳಿಕೊಡಬಹುದು?

ಹೆಜ್ಜೆ ನೆನಪಿಟ್ಟುಕೊಳ್ಳುವುದು ಕಷ್ಟ ಅಲ್ಲ. ಕೆಳಗೆ ಕೂರುವುದು ಕಷ್ಟ.

ಅಭ್ಯಾಸದ ಹೊತ್ತಿನಲ್ಲಿ ಶಾಲೆಯ ಬೇಲಿ ಪಕ್ಕ ನಡೆದು ಹೋದರೆ ಮೈಕಿನಲ್ಲಿ ಒಂದೇ ಮಾತು ಕೇಳುತ್ತಿರುತ್ತದೆ, 'ಕೊಶಿ! ಕೊಶಿ!' ಕೊಶಿ ಅಂದರೆ ಸೊಂಟ. ಸೊಂಟ ಇಳಿಸು ಅಂತ. ಎರಡೂ ಪಾದ ಹೆಗಲಿಗಿಂತ ತುಂಬಾ ಅಗಲಕ್ಕೆ ಇಟ್ಟು, ಮಂಡಿ ಮಡಿಸಿ, ತೂಕವೆಲ್ಲ ಕೆಳಗೆ ಬಿಡಬೇಕು. ಯಾಕೆ ಅಂತ ಮಗುವಿಗೆ ಹೇಳಿ. ದೋಣಿಯಲ್ಲಿ ನೆಟ್ಟಗೆ ನಿಂತರೆ ಒಂದು ಅಲೆಗೆ ಬಿದ್ದು ಹೋಗುತ್ತೀವಿ. ಕಾಲು ಅಗಲಿಸಿ ಕೆಳಗಿದ್ದರೆ ದೋಣಿ ಅಲುಗಿದರೂ ಮೈ ನಿಲ್ಲುತ್ತದೆ. ಇದು ಚೆಂದಕ್ಕೆ ಮಾಡುವ ಭಂಗಿ ಅಲ್ಲ, ಬದುಕಿ ದಡ ಸೇರಲು ಬೇಕಾದ ಭಂಗಿ.

ಉಳಿದ ಹೆಜ್ಜೆಗಳಿಗೂ ಹೀಗೇ ಕಾರಣ ಇದೆ. ಕೈ ಚಾಚಿ ನೆಲದ ಹತ್ತಿರದಲ್ಲಿ ಈ ಕಡೆಯಿಂದ ಆ ಕಡೆಗೆ ಒಯ್ಯುವುದು ಅಲೆ. ಮುಷ್ಟಿ ಬಿಗಿ ಹಿಡಿದು ಸೊಂಟದತ್ತ ಎಳೆಯುವುದು ಹಗ್ಗ. ಕೆಳಗಿಂದ ಮೇಲಕ್ಕೆ ಎತ್ತುವುದು ಮೀನು ಮೊಗೆಯುವ ಜಾಲರಿ. ಹೆಗಲ ಮೇಲೆ ಹೊರುವ ಹಾಗಿನ ಹೆಜ್ಜೆ ದಡದ ಮೇಲಿನ ಹೊರೆ.

ನನ್ನ ಮಗಳಿಗೆ ಹಗ್ಗದ ಹೆಜ್ಜೆ ಬರುತ್ತಲೇ ಇರಲಿಲ್ಲ. ಕೈ ಮಾತ್ರ ಹಿಂದೆ ಬರುತ್ತಿತ್ತು, ಮೈ ಅಲ್ಲೇ ಇರುತ್ತಿತ್ತು. ಒಂದು ಸಂಜೆ ಹಳೆಯ ಕಾಟನ್ ಸೀರೆಯನ್ನು ಹಗ್ಗದ ಹಾಗೆ ಹೊಸೆದು ಒಂದು ತುದಿ ಅವಳ ಕೈಗೆ ಕೊಟ್ಟೆ, ಇನ್ನೊಂದು ತುದಿ ನಾನು ಹಿಡಿದು ಕೂತೆ. 'ಎಳಿ' ಅಂದೆ. ಮೊದಲು ಕೈಯಿಂದ ಎಳೆದಳು, ನಾನು ಅಲುಗಲಿಲ್ಲ. ಆಮೇಲೆ ತಾನಾಗಿಯೇ ಕಾಲು ಅಗಲಿಸಿದಳು, ಮಂಡಿ ಮಡಿಸಿದಳು, ಹಿಮ್ಮಡಿ ಊರಿ ಇಡೀ ಬೆನ್ನಿನಿಂದ ಎಳೆದಳು. ನಾನು ಚಾಪೆ ಸಮೇತ ಮುಂದಕ್ಕೆ ಜಾರಿದೆ. 'ಈಗ ಸೀರೆ ಬಿಟ್ಟು ಅದನ್ನೇ ಮಾಡು' ಅಂದೆ. ಬಂತು. ಅವತ್ತಿನಿಂದ ಯಾರು ಕೇಳಿದರೂ ನಾನು ಇದನ್ನೇ ಹೇಳುವುದು: ಎಣಿಕೆ ಕಲಿಸಬೇಡಿ, ಕೆಲಸ ಕಲಿಸಿ. ಬಕೆಟ್ಟಿನಲ್ಲಿ ನೀರು ಎತ್ತಿಸಿ, ಅಕ್ಕಿ ಚೀಲ ಹೊರಿಸಿ. ಮೈಗೆ ಭಾರ ಗೊತ್ತಾದರೆ ಕುಣಿತ ತಾನಾಗಿ ಸರಿಹೋಗುತ್ತದೆ.

ಮಗಳು ಭರತನಾಟ್ಯ ಕಲಿತಿದ್ದಾಳೆ. ಇದು ಅವಳಿಗೆ ಸುಲಭ ಅಲ್ವಾ?

ಅರ್ಧ ಸುಲಭ. ಅರಮಂಡಿಯಲ್ಲಿ ಕೂತು ಅಭ್ಯಾಸ ಇರುವ ಕಾಲುಗಳಿಗೆ ಇಲ್ಲಿನ ನೋವು ಅಷ್ಟಾಗಿ ಆಗುವುದಿಲ್ಲ, ತಾಳವೂ ಬೇಗ ಹಿಡಿಯುತ್ತದೆ. ಆದರೆ ಅರಮಂಡಿಯಲ್ಲಿ ಹಿಮ್ಮಡಿಗಳು ಹತ್ತಿರ, ಬೆನ್ನು ನೆಟ್ಟಗೆ. ಇಲ್ಲಿ ಪಾದಗಳು ದೂರ ದೂರ, ಮೈ ಭಾರದ ಜೊತೆಗೇ ವಾಲುತ್ತದೆ, ಏಳುತ್ತದೆ. ಮುಖದ ಅಭಿನಯ ಇಲ್ಲ, ಕೂಗು ಇದೆ. ಬೆರಳ ತುದಿಯವರೆಗೂ ಅಂದವಾಗಿ ಇಡಲು ಕಲಿತ ಮಗುವಿಗೆ ಮುಷ್ಟಿ ಬಿಗಿದು ಎಳೆಯುವುದು ಮೊದಲು ಒರಟು ಅನ್ನಿಸಬಹುದು. ಎರಡೂ ಅವಳ ಮೈಯಲ್ಲಿ ಇರಲಿ, ಒಂದನ್ನು ಇನ್ನೊಂದರಿಂದ ಅಳೆಯುವುದು ಬೇಡ.

ಮಗುವಿಗೆ ಜಪಾನೀಸ್ ಇನ್ನೂ ಸರಿಯಾಗಿ ಬರಲ್ಲ. ಹಿಂದೆ ಬೀಳುತ್ತಾನಾ?

ಬೀಳಲ್ಲ. ಗಣಿತ, ವಿಜ್ಞಾನದ ಪಾಠದಲ್ಲಿ ಸುಮ್ಮನೆ ಕೂರುವ ಮಗು ಇಲ್ಲಿ ಎಲ್ಲರ ಜೊತೆ ಒಂದೇ ಮೆಟ್ಟಿಲಲ್ಲಿ ನಿಲ್ಲುತ್ತದೆ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಶಿಕ್ಷಕರು ಮಾತಿಗಿಂತ ಸದ್ದಿನಲ್ಲಿ ಹೇಳಿಕೊಡುತ್ತಾರೆ. 'ಪಿತತ್ತೊ' ಅಂದರೆ ಗಕ್ಕನೆ ನಿಲ್ಲು. 'ಗುತ್ತೊ' ಅಂದರೆ ಬಲ ಹಾಕಿ ಒತ್ತು. ಕನ್ನಡದಲ್ಲಿ ಗಕ್ಕನೆ, ದಡಕ್ಕನೆ, ಸರ್ರನೆ ಅಂತ ಎಷ್ಟು ಪದ ಇವೆ ನೋಡಿ, ಜಪಾನೀಸಿನಲ್ಲೂ ಅಷ್ಟೇ ಇವೆ. ನಮ್ಮ ಮಕ್ಕಳ ಕಿವಿಗೆ ಇದು ಬೇಗ ಹತ್ತುತ್ತದೆ. ಇನ್ನೊಂದು ಒಳ್ಳೆಯ ಪದ್ಧತಿ ಹಲವು ಶಾಲೆಗಳಲ್ಲಿ ಇದೆ, 6ನೇ ತರಗತಿಯವರು 5ನೇ ತರಗತಿಯವರಿಗೆ ಕಲಿಸುತ್ತಾರೆ. ದೊಡ್ಡ ಮಕ್ಕಳು ಚಿಕ್ಕವರ ಹಿಂದೆ ನಿಂತು ಕೈ ಹಿಡಿದು ತಿದ್ದುತ್ತಾರೆ. ಅಲ್ಲಿ ಭಾಷೆ ಬೇಕೇ ಆಗಲ್ಲ.

ಕಾಲು ನೋವು ಅಂತ ಅಳ್ತಾನೆ. ಏನು ಮಾಡಲಿ?

ಮೊದಲ ವಾರ ತೊಡೆ ನೋಯುತ್ತದೆ. ನನ್ನ ಮಗ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದು ಅಡ್ಡಡ್ಡ ಇಳಿಯುತ್ತಿದ್ದ. ರಾತ್ರಿ ಬಿಸಿ ನೀರಿನ ಸ್ನಾನ, ಚೆನ್ನಾಗಿ ನಿದ್ದೆ, ಅಷ್ಟೇ. ನೋವು ತೊಡೆಯಲ್ಲಿ ಇದ್ದರೆ ಚಿಂತೆ ಬೇಡ. ಮಂಡಿಯ ಒಳಗೆ ಚುಚ್ಚುತ್ತದೆ ಅಂದರೆ, ಅಥವಾ ಊದಿಕೊಂಡಿದ್ದರೆ, ಡಾಕ್ಟರಿಗೆ ತೋರಿಸಿ, ಶಾಲೆಗೂ ಒಂದು ಚೀಟಿ ಬರೆದು ಕಳಿಸಿ. ಕೂರುವಾಗ ಮಂಡಿ ಒಳಗೆ ಬಾಗದೆ ಕಾಲ್ಬೆರಳು ತೋರಿಸುವ ದಿಕ್ಕಿಗೇ ಇದೆಯಾ ಅಂತ ಮನೆಯಲ್ಲಿ ನೋಡಿಕೊಳ್ಳಿ. ಮೇ ಕೊನೆಗೆ ಬಿಸಿಲೂ ಜೋರಾಗಿರುತ್ತದೆ, ನೀರಿನ ಬಾಟಲಿ ದೊಡ್ಡದೇ ಕಳಿಸಿ.

ಬರಿಗಾಲಲ್ಲಿ ಕುಣಿಸ್ತಾರಂತೆ?

ಕೆಲವು ಶಾಲೆಗಳಲ್ಲಿ ಹೌದು. ಮೈದಾನದ ಕಲ್ಲುಗಳನ್ನು ಮಕ್ಕಳೇ ಸಾಲಾಗಿ ಕೂತು ಆರಿಸಿ ತೆಗೆಯುತ್ತಾರೆ. ಕಾಲಿಗೆ ಗಾಯ ಇದ್ದರೆ ಶೂ ಹಾಕಲು ಬಿಡುತ್ತಾರೆ, ಮೊದಲೇ ಹೇಳಿ.

ಹಪ್ಪಿ ಅಂತ ಏನೋ ಬೇಕಂತೆ, ಎಲ್ಲಿ ಸಿಗುತ್ತೆ?

ಹಪ್ಪಿ ಅಂದರೆ ಮುಂದೆ ತೆರೆದಿರುವ, ಅಗಲ ತೋಳಿನ ಗಿಡ್ಡ ಅಂಗಿ. ಹಬ್ಬದಲ್ಲಿ, ಕೆಲಸದಲ್ಲಿ ಹಾಕುತ್ತಿದ್ದದ್ದು. ಮೀನುಗಾರರದ್ದು ಅಂದರೆ ದೊಡ್ಡ ಬಣ್ಣದ ಚಿತ್ರಗಳಿರುತ್ತವೆ, ಬಲೆ ತುಂಬಿ ಬಂದ ದಿನ ದೋಣಿಗೆ ಏರಿಸುವ ಬಾವುಟದ ಹಾಗೆ. ನೀವಾಗಿ ಅಂಗಡಿಗೆ ಓಡಬೇಡಿ. ಶಾಲೆಯಿಂದ ಒತಯೋರಿ ಬರುತ್ತದೆ, ಅಂದರೆ ಸೂಚನೆಯ ಕಾಗದ. ಕೆಲವು ಶಾಲೆಗಳು ಪೆಟ್ಟಿಗೆಯಿಂದ ತೆಗೆದು ಎರವಲು ಕೊಡುತ್ತವೆ, ಕೆಲವು ಕಾಗದದಂಥ ತೆಳು ಬಟ್ಟೆಯ ಹಪ್ಪಿಯನ್ನು ಎಲ್ಲರಿಗೂ ಒಟ್ಟಿಗೆ ತರಿಸುತ್ತವೆ.

ತರಿಸುವ ಶಾಲೆಗಳಲ್ಲಿ ಒಂದು ಕೆಲಸ ಕೊಡುವುದುಂಟು. ಪ್ರತಿ ಮಗುವೂ ತನಗೆ ಇಷ್ಟವಾದ ಒಂದೇ ಒಂದು ಕಾಂಜಿ, ಅಂದರೆ ಒಂದು ಇಡೀ ಪದದ ಅರ್ಥ ಕೊಡುವ ಅಕ್ಷರ, ಆರಿಸಿ ಹಪ್ಪಿಯ ಬೆನ್ನ ಮೇಲೆ ದೊಡ್ಡದಾಗಿ ಬರೆಯಬೇಕು. ನನ್ನ ಮಗ ಮೂರು ದಿನ ಯೋಚಿಸಿದ. ಗೆಳೆಯರೆಲ್ಲ ಬಲ, ಗೆಲುವು, ಕನಸು ಅಂತ ಬರೆಯುತ್ತಿದ್ದರು. ಇವನು ಅಲೆ ಅನ್ನುವ ಅಕ್ಷರ ಆರಿಸಿದ. ಹಾಡಿನಲ್ಲಿ ಹಕ್ಕಿ 'ಅಲೆಯನ್ನೇ ಕೇಳು' ಅಂತ ಹೇಳುತ್ತಲ್ಲ, ಅದಕ್ಕೆ ಅಂದ. ಎಂಟು ಗೆರೆಯ ಅಕ್ಷರ ಅದು, ಎಡಗಡೆ ಮೂರು ಹನಿ ನೀರು. ಮೊದಲ ಹನಿ ಹಾಕುವಾಗ ಕುಂಚದಲ್ಲಿ ಬಣ್ಣ ಜಾಸ್ತಿಯಾಗಿ ತೆಳು ಬಟ್ಟೆಯಲ್ಲಿ ಹರಡಿ ಎದೆಯ ಕಡೆಗೂ ಇಳಿಯಿತು. ಹಾಗಾಗಿ ನನ್ನ ಸಲಹೆ, ಬರೆಯುವ ಮುಂಚೆ ಒಳಗೆ ಒಂದು ರಟ್ಟು ಇಡಿ, ಪತ್ರಿಕೆ ಸಾಲದು. ಕುಂಚ ಒಮ್ಮೆ ಅಂಚಿಗೆ ಒರೆಸಿ ಹಚ್ಚಿ. ಪೆನ್ಸಿಲ್ಲಿನಲ್ಲಿ ಮೊದಲು ತೆಳ್ಳಗೆ ಬರೆದುಕೊಂಡರೆ ಅಕ್ಷರ ಒಂದು ಕಡೆಗೆ ಜಾರುವುದಿಲ್ಲ.

ಅಕ್ಷರವನ್ನು ಮಗುವೇ ಆರಿಸಲಿ, ನಾವು ಹೇಳಿಕೊಡುವುದು ಬೇಡ.

ನಾವು ಮೀನು ಮುಟ್ಟದವರು. ಮೀನು ಹಿಡಿಯುವ ಕುಣಿತ ಮಗು ಕಲಿಯುವುದು ಸರಿಯಾ?

ಈ ಪ್ರಶ್ನೆ ಕೇಳಲು ಜನ ಹಿಂಜರಿಯುತ್ತಾರೆ, ಹಿಂಜರಿಯಬೇಕಾಗಿಲ್ಲ. ಕುಣಿತದಲ್ಲಿ ಇರುವುದು ಮೈಮುರಿದು ದುಡಿದವರ ನೆನಪು. ಆಗ ಹಿಡಿದ ಹೆರ್ರಿಂಗಿನಲ್ಲಿ ಹೆಚ್ಚಿನ ಪಾಲು ಊಟಕ್ಕೂ ಹೋಗುತ್ತಿರಲಿಲ್ಲ. ದೊಡ್ಡ ಹಂಡೆಯಲ್ಲಿ ಬೇಯಿಸಿ, ಎಣ್ಣೆ ಹಿಂಡಿ, ಉಳಿದ ಹಿಂಡಿಯನ್ನು ಒಣಗಿಸಿ ಗೊಬ್ಬರ ಮಾಡುತ್ತಿದ್ದರು. ಹಡಗುಗಳು ಅದನ್ನು ಪಶ್ಚಿಮ ಜಪಾನಿನ ಹತ್ತಿ ಹೊಲಗಳಿಗೆ, ನೀಲಿ ಗಿಡದ ಹೊಲಗಳಿಗೆ ಒಯ್ಯುತ್ತಿದ್ದವು. ನಮ್ಮ ಊರಲ್ಲೂ ತಾರ್ಲೆ ರಾಶಿ ಬಂದ ವರ್ಷ ತೆಂಗಿನ ಬುಡಕ್ಕೆ ಹಾಕುತ್ತಿದ್ದರು, ಕರಾವಳಿಯವರಿಗೆ ಗೊತ್ತಿರುತ್ತದೆ. ಆ ಗೊಬ್ಬರದಲ್ಲಿ ಬೆಳೆದ ನೀಲಿಯೇ ಬಟ್ಟೆಗೆ ಬಣ್ಣವಾಯಿತು.

ಅದೇ ವಾರದಲ್ಲಿ ಶಾಲೆಯ ಊಟದಲ್ಲಿ ಮೀನು ಬಂದರೆ ಅದು ಬೇರೆ ವಿಷಯ. ಡಬ್ಬಿ ಕಳಿಸುವ ಬಗ್ಗೆ ಶಿಕ್ಷಕರ ಹತ್ತಿರ ಬೇರೆಯಾಗಿ ಮಾತಾಡಿ.

ಇದರಲ್ಲಿ ದೇವರು, ಪೂಜೆ ಏನಾದರೂ ಇದೆಯಾ?

ಸೋರನ್ ಬುಶಿಯಲ್ಲಿ ಇಲ್ಲ, ಅದು ಕೆಲಸದ ಹಾಡು. ಬೇಸಿಗೆಯ ಬೋನ್ ಒದೋರಿ ಕುಣಿತಕ್ಕೆ ಹಿರಿಯರನ್ನು ನೆನೆಯುವ ಒಬೋನ್ ಹಬ್ಬದ ನಂಟಿದೆ, ನಮ್ಮ ಪಿತೃಪಕ್ಷದ ಥರ. ಅದರಲ್ಲೂ ಯಾರು ಬೇಕಾದರೂ ವೃತ್ತಕ್ಕೆ ಸೇರಬಹುದು.

ಅಭ್ಯಾಸದ ಸಮಯದಲ್ಲೇ ಊರಿಗೆ ಹೋಗಬೇಕು. ಒಂದು ವಾರ ತಪ್ಪಿದರೆ ಪರವಾಗಿಲ್ವಾ?

ಹೋಗದೇ ಇರುವುದಕ್ಕೆ ಆದರೆ ಹೋಗಬೇಡಿ. ಶಾಲೆಯ ಕ್ರೀಡಾ ದಿನ, ಅಂದರೆ ಉಂದೋಕಾಯ್, ಹಲವು ಕಡೆ ಮೇ ಕೊನೆ ಇಲ್ಲವೇ ಜೂನ್ ಶುರುವಿನಲ್ಲಿ, ಇನ್ನು ಕೆಲವು ಕಡೆ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ನಡೆಯುತ್ತದೆ. ಅದರ ಹಿಂದಿನ ಎರಡು ಮೂರು ವಾರವೇ ಮುಖ್ಯ. ಹೆಜ್ಜೆಯನ್ನು ಮನೆಯಲ್ಲಿ ಕಲಿಯಬಹುದು, ಆದರೆ ಸಾಲು ಬದಲಿಸುವುದನ್ನು ಮೈದಾನದಲ್ಲೇ ಕಲಿಯಬೇಕು.

ನಾನು ಈ ತಪ್ಪು ಮಾಡಿದ್ದೇನೆ. ತಮ್ಮನ ಮದುವೆ ಅಂತ ಮೇ ತಿಂಗಳಲ್ಲಿ ಮಗಳನ್ನು ಒಂಬತ್ತು ದಿನ ಊರಿಗೆ ಕರೆದುಕೊಂಡು ಹೋದೆ. ವಾಪಸ್ ಬಂದಾಗ ಸಾಲುಗಳೆಲ್ಲ ಬದಲಾಗಿದ್ದವು. ನೂರು ಮಕ್ಕಳು ಒಂದೇ ಕ್ಷಣಕ್ಕೆ ಓಡಿ ತಮ್ಮ ತಮ್ಮ ಜಾಗ ಹಿಡಿಯುವಾಗ ಇವಳು ನಡುವೆ ಒಬ್ಬಳೇ ನಿಂತಿದ್ದಳಂತೆ. ಮನೆಗೆ ಬಂದು ಊಟ ಮಾಡದೆ ಮಲಗಿದಳು. ನನಗೆ ಇವತ್ತಿಗೂ ಅದು ನೆನಪಾದರೆ ಹೊಟ್ಟೆ ಚುರ್ ಅನ್ನುತ್ತದೆ. ಮರುದಿನ ಸಂಜೆ ಅವಳ ಸಾಲಿನ ಪಕ್ಕದ ಹುಡುಗಿ ನಮ್ಮ ಮನೆ ಬಾಗಿಲಿಗೆ ಬಂದಳು, ಕೈಯಲ್ಲಿ ಸೀಮೆಸುಣ್ಣ. ಕೆಳಗಿನ ಪಾರ್ಕಿನಲ್ಲಿ ನೆಲದ ಮೇಲೆ ಗೆರೆ ಎಳೆದು, ಇಲ್ಲಿ ನಾನು, ಇಲ್ಲಿ ನೀನು, 'ಹಾಯ್' ಅಂದಾಗ ಹನ್ನೆರಡು ಹೆಜ್ಜೆ ಓಡಬೇಕು ಅಂತ ತೋರಿಸಿದಳು. ನಾಲ್ಕು ಸಂಜೆ ಬಂದಳು. ಹಾಗಾಗಿ ಹೋಗಲೇಬೇಕಾಗಿ ಬಂದರೆ, ಮಗುವಿನ ಅಕ್ಕಪಕ್ಕ ನಿಲ್ಲುವವರು ಯಾರು ಅಂತ ಮೊದಲೇ ತಿಳಿದುಕೊಂಡು ಅವರ ಮನೆಯವರ ಹತ್ತಿರ ಮಾತಾಡಿಟ್ಟುಕೊಳ್ಳಿ.

ಮಗನಿಗೆ ನಾಚಿಕೆ, ಕೂಗಲ್ಲ, ಕುಣಿಯಲ್ಲ ಅಂತಾನೆ.

ಬೈಯಬೇಡಿ, ಲಂಚ ಕೊಡಬೇಡಿ. ಕೂಗು ಬರದಿರುವುದು ಹೆಚ್ಚಾಗಿ ಹೆಜ್ಜೆ ಗೊತ್ತಿಲ್ಲದ ಭಯದಿಂದ. ಹೆಜ್ಜೆ ಕೂತ ಮೇಲೆ ದನಿ ಬರುತ್ತದೆ. ಮನೆಯಲ್ಲಿ ನೀವೂ ಜೊತೆಗೆ ಕುಣಿಯಿರಿ. ನಿಜವಾಗಿ ಹೇಳುತ್ತಿದ್ದೇನೆ, ಅಪ್ಪ ಕಾಲು ಅಗಲಿಸಿ ಕೂತು 'ದೊಕ್ಕೊಯಿಶೊ' ಅಂತ ಕೂಗಿದ ಮನೆಯಲ್ಲಿ ಮಗ ಸುಮ್ನೆ ನಿಂತಿದ್ದನ್ನು ನಾನು ನೋಡಿಲ್ಲ. ಆದರೂ ದಿನವೂ ಹೊಟ್ಟೆನೋವು ಅಂತ ಶಾಲೆ ತಪ್ಪಿಸುವಷ್ಟು ಕಷ್ಟ ಇದ್ದರೆ ಶಿಕ್ಷಕರಿಗೆ ಹೇಳಿ. ಡೋಲು ಬಡಿಯುವುದು, ಬಾವುಟ ಬೀಸುವುದು, ಇಂಥ ಬೇರೆ ಕೆಲಸವೂ ಇರಬಹುದು.

ಶಾಲೆಗಳಲ್ಲಿ ಬೇರೆ ಯಾವ ಜನಪದ ಕುಣಿತ ಕಲಿಸ್ತಾರೆ?

ಊರಿನ ಮೇಲೆ ಹೋಗುತ್ತದೆ. ಒಕಿನಾವಾದ ಎಯ್ಸಾ ಬಹಳ ಕಡೆ ಇದೆ, ಕೈಯಲ್ಲಿ ಸಣ್ಣ ಡೋಲು ಹಿಡಿದು ಬಡಿಯುತ್ತಾ ಕುಣಿಯುವುದು. ಹೆಸರು ಕೇಳಿದರೆ ನಮ್ಮ ಐಸಾ ನೆನಪಾಗುತ್ತದೆ. ತೊಕುಶಿಮಾದ ಅವಾ ಒದೋರಿಯಲ್ಲಿ ಬಲಗೈ ಬಲಗಾಲು ಒಟ್ಟಿಗೆ ಮುಂದೆ ಹೋಗುತ್ತವೆ, ನೋಡಲು ಸಲೀಸು, ಮಾಡಲು ಹೋದರೆ ಗೊತ್ತಾಗುತ್ತದೆ. ಹೊಕ್ಕೈಡೊದ ಹೆರ್ರಿಂಗ್ ಗೊಬ್ಬರ ಹೋಗಿ ಬಿದ್ದ ನೀಲಿ ಹೊಲಗಳು ಇದ್ದದ್ದೂ ಇದೇ ತೊಕುಶಿಮಾದಲ್ಲಿ. ಗಿಫು ಸೀಮೆಯ ಗುಜೊ ಒದೋರಿಯನ್ನು ಆಗಸ್ಟ್ 13ರಿಂದ 16ರವರೆಗೆ ರಾತ್ರಿಯಿಡೀ ಕುಣಿಯುತ್ತಾರೆ, ಮರದ ಗೆತಾ ಚಪ್ಪಲಿಯ ಸದ್ದೇ ತಾಳ. 2022ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಪಾನಿನ 41 ಜನಪದ ಕುಣಿತಗಳಲ್ಲಿ ಅದೂ ಒಂದು.

ಹಾಡಿನಲ್ಲಿರುವ ಆ ಮೀನು ಈಗಲೂ ಬರುತ್ತಾ? ಆ ಊರು ನೋಡಬಹುದಾ?

1897ರಲ್ಲಿ ಹೊಕ್ಕೈಡೊದಲ್ಲಿ ಸುಮಾರು 9.7 ಲಕ್ಷ ಟನ್ ಹೆರ್ರಿಂಗ್ ಸಿಕ್ಕಿತ್ತು. ಅದೇ ಶಿಖರ. ಆಮೇಲೆ ಇಳಿಯುತ್ತಾ ಹೋಗಿ 1950ರ ದಶಕದ ಮಧ್ಯದ ಹೊತ್ತಿಗೆ ಹಿಂಡು ಬರುವುದೇ ನಿಂತಿತು. ಪ್ರತಿ ವಸಂತಕ್ಕೆ ಅಓಮೊರಿ, ಅಕಿತಾ ಕಡೆಯಿಂದ ಕೂಲಿಗೆ ಬರುತ್ತಿದ್ದ ಸಾವಿರಾರು ಗಂಡಸರಿಗೆ ಕೆಲಸ ಇಲ್ಲದಾಯಿತು. ಮೀನು ಹೋಯಿತು, ಹಾಡು ಉಳಿಯಿತು. ಇತ್ತೀಚಿನ ವರ್ಷಗಳಲ್ಲಿ ಮರಿ ಬಿಟ್ಟು ಸಾಕುವ ಪ್ರಯತ್ನಗಳ ಜೊತೆಗೆ ಒತಾರು ಕಡೆಯ ದಡದಲ್ಲಿ ನೀರು ಮತ್ತೆ ಬೆಳ್ಳಗಾಗುವುದು ಕಂಡಿದೆ.

ಹೋಗುವ ಅವಕಾಶ ಇದ್ದರೆ ಹೋಗಿ. ಒತಾರುವಿನಲ್ಲಿ ಗುಡ್ಡದ ಮೇಲೆ ನಿಶಿನ್ ಗೊತೆನ್ ಇದೆ, ಹೆರ್ರಿಂಗ್ ಹಣದಲ್ಲಿ ಕಟ್ಟಿದ ದೊಡ್ಡ ಮರದ ಮನೆ. ಯೊಯಿಚಿಯಲ್ಲಿ ಹಳೆಯ ಫುಕುಹರ ಮೀನುಗಾರಿಕೆ ಮನೆಗಳನ್ನು ಹಾಗೇ ಉಳಿಸಿದ್ದಾರೆ. ಮೊಕ್ಕೊ ಅನ್ನುವ ಮರದ ಪೆಟ್ಟಿಗೆ ಕೇಳಿ ನೋಡಿ, ಬೆನ್ನಿಗೆ ಕಟ್ಟಿಕೊಂಡು ದೋಣಿಯಿಂದ ದಡಕ್ಕೆ ಮೀನು ಹೊರುತ್ತಿದ್ದದ್ದು. ಕುಣಿದ ಮಗು ಅದರ ಮುಂದೆ ನಿಂತರೆ ಹೆಗಲು ತಾನಾಗಿಯೇ ಬಾಗುತ್ತದೆ.

ಬೆಂಗಳೂರಿಗೆ ವಾಪಸ್ ಹೋದ ಮೇಲೆ ಇದನ್ನು ಮರೆತುಬಿಡ್ತಾರಾ?

ಮೈ ಮರೆಯಲ್ಲ. ಬೆಂಗಳೂರಿನಲ್ಲಿ ಜಪಾನ್ ಹಬ್ಬ ಅಂತ ನಡೆಯುತ್ತದೆ, ಇಲ್ಲಿಂದ ಮರಳಿದ ಕುಟುಂಬಗಳು, ಜಪಾನೀಸ್ ಕಲಿಯುವವರು ಎಲ್ಲ ಸೇರುತ್ತಾರೆ, ಕರೆದುಕೊಂಡು ಹೋಗಿ. ದೊಡ್ಡವರಾದ ಮೇಲೆ ಮುಂದುವರಿಸಲು ಯೊಸಕೊಯಿ ಸೋರನ್ ಅನ್ನುವ ಕುಣಿತದ ಹಬ್ಬ ಇದೆ. ಹೊಕ್ಕೈಡೊ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ ಜಪಾನಿನದೇ ಕೊಚಿ ಊರಿನ ಯೊಸಕೊಯಿ ಹಬ್ಬ ನೋಡಿ ಬಂದು, 1992ರಲ್ಲಿ ಗೆಳೆಯರ ಜೊತೆ ಸಪ್ಪೊರೊದಲ್ಲಿ ಶುರು ಮಾಡಿದ್ದು. ಮೊದಲ ವರ್ಷ ಇದ್ದದ್ದು 10 ತಂಡ. ಈಗ ಪ್ರತಿ ಜೂನ್‌ನಲ್ಲಿ ಇಡೀ ಊರೇ ಬೀದಿಗೆ ಬರುತ್ತದೆ. ನಿಯಮ ಎರಡೇ: ಕೈಯಲ್ಲಿ ನರುಕೊ ಅನ್ನುವ ಮರದ ಚಿಟಿಕೆ ಇರಬೇಕು, ಹಾಡಿನಲ್ಲಿ ಎಲ್ಲಾದರೂ ಸೋರನ್ ಬುಶಿಯ ಒಂದು ಸಾಲು ಬರಬೇಕು.

ಉಂದೋಕಾಯ್ ದಿನ ನಾವು ಎಲ್ಲಿ ನಿಲ್ಲಬೇಕು?

ಹಿಂದಿನ ರಾತ್ರಿ ಮಗುವಿನ ಕೈಯಲ್ಲಿ ಒಂದು ನಕ್ಷೆ ಬರೆಸಿ. ಎಲ್ಲರೂ ಒಂದೇ ಥರದ ಹಪ್ಪಿ, ಒಂದೇ ಥರದ ತಲೆಪಟ್ಟಿ ಹಾಕಿರುತ್ತಾರೆ, ನೂರು ಮಕ್ಕಳ ನಡುವೆ ನಿಮ್ಮ ಮಗುವನ್ನು ಹುಡುಕುವಷ್ಟರಲ್ಲಿ ಹಾಡು ಅರ್ಧ ಮುಗಿದಿರುತ್ತದೆ. ಶುರುವಿನಲ್ಲಿ ಎಲ್ಲಿ, ಸಾಲು ಬದಲಾದ ಮೇಲೆ ಎಲ್ಲಿ, ಯಾವ ಕಡೆ ಮುಖ, ಇಷ್ಟು ಗೊತ್ತಿದ್ದರೆ ಸಾಕು. ಬೆನ್ನಿನ ಅಕ್ಷರ ಕಾಣಬೇಕು ಅಂದರೆ ಎದುರಿಗಿಂತ ಹಿಂದಿನ ಮೂಲೆ ಒಳ್ಳೆಯದು. ಕುರ್ಚಿ ಹಾಕಿ ಜಾಗ ಹಿಡಿಯಬೇಡಿ, ನಿಮ್ಮ ತರಗತಿಯ ಸರದಿ ಮುಗಿದ ಕೂಡಲೇ ಮುಂದಿನವರಿಗೆ ಜಾಗ ಬಿಡುವುದು ಇಲ್ಲಿನ ರೂಢಿ.

ವಿಡಿಯೋ ಒಬ್ಬರು ಮಾಡಲಿ. ಇನ್ನೊಬ್ಬರ ಕೈ ಖಾಲಿ ಇರಲಿ, ಯಾಕಂದ್ರೆ 'ದೊಕ್ಕೊಯಿಶೊ' ಅಂತ ಮಕ್ಕಳು ಕೂಗಿದಾಗ ಸುತ್ತ ನಿಂತ ಅಜ್ಜ ಅಜ್ಜಿಯರೂ ಕೂಗುತ್ತಾರೆ, ನೀವೂ ಕೂಗಬಹುದು. ನಮ್ಮ ಮನೆಯಲ್ಲಿ ಎರಡು ಸಲವೂ ಫೋನ್ ಹಿಡಿದವರು ನಮ್ಮ ಯಜಮಾನರು. ಆ ಎರಡೂ ವಿಡಿಯೋದಲ್ಲಿ ಮಕ್ಕಳ ದನಿಗಿಂತ ನನ್ನ ದನಿಯೇ ಜೋರಾಗಿ ಕೇಳುತ್ತದೆ.